ತಪ್ಪಿನ ಪುಸ್ತಕದ ಮೇಡಂ

ಶ್ರದ್ಧಾಂಜಲಿ ಸಭೆಗೆ ಮಾಡಿಸಿದ ಫ್ಲೆಕ್ಸ್ ಇನ್ನೂ ನಮ್ಮ ಕಾಲೇಜಿನ ಗೇಟಿನ ಪಕ್ಕದಲ್ಲಿ ತೂಗುತ್ತಿದೆ. ಒಂದು ಮೂಲೆಯ ದಾರ ಬಿಚ್ಚಿಕೊಂಡಿದೆ. ಗಾಳಿ ಬಂದಾಗಲೆಲ್ಲ ಮೇಡಂ ಅವರ ಮುಖ ಮಡಚಿಕೊಂಡು ಹೋಗುತ್ತದೆ. ಹೆಸರಿನ ಹಿಂದೆ 'ಪ್ರೊ.' ಎಂದು ಹಾಕಿದ್ದಾರೆ. ಅವರು ಬದುಕಿದ್ದಾಗ ಎರಡು ಸಲ ಸಂದರ್ಶನಕ್ಕೆ ಕರೆದು ಎರಡು ಸಲವೂ ಕೊಡದ ಹುದ್ದೆ ಅದು. ಕೆಳಗೆ 'ತಂತ್ರಜ್ಞಾನದಲ್ಲಿ ಸರ್ವರಿಗೂ ಸಮಪಾಲು' ಎಂಬ ಸಾಲು, ಅದರ ಕೆಳಗೆ ಒಂದು ಫೋಟೊ. ಲ್ಯಾಬಿನಲ್ಲಿ ಹನ್ನೆರಡು ಹುಡುಗಿಯರು ಕಂಪ್ಯೂಟರಿನ ಮುಂದೆ ಕುಳಿತು ನಗುತ್ತಿದ್ದಾರೆ, ಹಿಂದೆ ಹುಡುಗರು ಕೈಕಟ್ಟಿ ನಿಂತಿದ್ದಾರೆ. ಆ ಫೋಟೊ ತೆಗೆದ ದಿನ ಮೇಡಂ ಊರಿನಲ್ಲಿರಲಿಲ್ಲ. ಕರೆಂಟೂ ಇರಲಿಲ್ಲ. ಕಪ್ಪಗಿದ್ದ ಪರದೆಗಳಿಗೆ ಫ್ಲೆಕ್ಸ್ ಅಂಗಡಿಯವನು ತನ್ನ ಕೈಯಿಂದ ನೀಲಿ ಬಣ್ಣ ತುಂಬಿದ್ದಾನೆ. ಇಷ್ಟೆಲ್ಲ ನನಗೆ ಹೇಗೆ ಗೊತ್ತೆಂದರೆ, ಹುಡುಗಿಯರನ್ನು ಸಾಲಾಗಿ ಕೂರಿಸಿ ಆ ಫೋಟೊ ತೆಗೆಸಿದವನು ನಾನೇ.

ಮೇಡಂ ಇದನ್ನು ನೋಡಿದ್ದರೆ ಒಂದೇ ಮಾತು ಹೇಳುತ್ತಿದ್ದರು: "ಅಸಹ್ಯ." ಬೇರೆಯವರು 'ಆಯ್ತು' ಎನ್ನುವಷ್ಟು ಸಲೀಸಾಗಿ, ದನಿ ಏರಿಸದೆ ಹೇಳುತ್ತಿದ್ದರು. ಹೇಳುವ ಮೊದಲು ಮೂಗಿನ ಎಡಗಡೆ ಮಾತ್ರ ಒಂದು ಸುಕ್ಕು ಬೀಳುತ್ತಿತ್ತು, ಹಳಸಿದ ಸಾರಿನ ಪಾತ್ರೆಯ ಮುಚ್ಚಳ ತೆಗೆದವರ ಹಾಗೆ. ಕೀಬೋರ್ಡಿನ ಸಂದಿಯಲ್ಲಿ ಮಂಡಕ್ಕಿ ಸಿಕ್ಕರೆ ಆ ಸುಕ್ಕು ಬೀಳುತ್ತಿರಲಿಲ್ಲ. ತಾವೇ ಹೇರ್‌ಪಿನ್ನಿನಿಂದ ಕೆದಕಿ ತೆಗೆಯುತ್ತಿದ್ದರು. ಅದು ಬೀಳುತ್ತಿದ್ದದ್ದು ಶುಚಿಯಾದದ್ದನ್ನು ಕಂಡಾಗ. ಗುಂಡಗಿನ ಅಕ್ಷರ, ಸ್ಕೇಲು ಹಿಡಿದು ಎಳೆದ ಅಂಚು, ಒಂದೇ ಒಂದು ಚಿತ್ತಿಲ್ಲದ ರೆಕಾರ್ಡ್ ಪುಸ್ತಕ ಕಂಡರೆ ಅವರಿಗೆ ವಾಕರಿಕೆ.

ಸಭೆಯಲ್ಲಿ ಪ್ರಿನ್ಸಿಪಾಲರು ಇಪ್ಪತ್ತು ನಿಮಿಷ ಮಾತಾಡಿ ಎರಡು ಸಲ ಕಣ್ಣೊರೆಸಿಕೊಂಡರು. ಮುಗಿದ ಮೇಲೆ ನನ್ನ ಹೆಗಲ ಮೇಲೆ ಕೈ ಹಾಕಿ, ಕಾಲೇಜಿನ ವಾರ್ಷಿಕ ಸಂಚಿಕೆಗೆ ಮೇಡಂ ಬಗ್ಗೆ ಎರಡು ಪುಟ ಬರೆದುಕೊಡಲು ಹೇಳಿದರು. "ಚೆಂದಾಗಿ ಬರೀರಿ. ತಪ್ಪುಗಿಪ್ಪು ಇರಬಾರದು ನೋಡ್ರಿ," ಎಂದರು. ಬರೆದುಕೊಟ್ಟೆ. ಚೆಂದಾಗಿತ್ತು. ಇದು ಆ ಎರಡು ಪುಟವಲ್ಲ.

ಕಾಲೇಜು ಯಾವ ಊರಿನದೆಂದು ಹೇಳುವುದಿಲ್ಲ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಈ ಐದರಲ್ಲಿ ಯಾವುದಕ್ಕೆ ಹೋಗಬೇಕಾದರೂ ಬೆಳಿಗ್ಗೆ ಒಂದು ಬಸ್ಸು ಸಿಗುವ ಊರು ಎಂದರೆ ಸಾಕು. ಹೆಸರು ಬರೆದರೆ ನೋಟೀಸು ಬಂದೀತೆಂಬ ಯೋಚನೆ ನನಗೆ. ಬಸ್ಸು ಹತ್ತಿ ಟಿಕೀಟು ತೆಗೆದ ಮೇಲೂ ಇದು ಅದೇ ಬಸ್ಸು ಹೌದೇ ಎಂದು ಕಂಡಕ್ಟರನ್ನು ಮತ್ತೆ ಕೇಳುವ ಜಾತಿ ನನ್ನದು. ಲ್ಯಾಬಿಗೆ ಬೀಗ ಹಾಕಿ, ಜಗ್ಗಿ, ಗೇಟಿನವರೆಗೆ ಹೋಗಿ, ವಾಪಸ್ ಬಂದು ಇನ್ನೊಮ್ಮೆ ಜಗ್ಗುತ್ತೇನೆ. ಇದನ್ನು ನೋಡಿ ಅಟೆಂಡರ್ ಕೊಟ್ರೇಶಿ ಒಮ್ಮೆ, "ಸರ, ನೀವು ಹಿಂಗ ದಿನಾ ಜಗ್ಗಿದ್ರ ಕಳ್ಳರು ಬರೋದ ಬ್ಯಾಡ, ಕೊಂಡಿ ತಾನ ಬೀಳ್ತೈತಿ," ಎಂದಿದ್ದ.

ಮೇಡಂ ಚಿಗಟೇರಿ ಕಡೆಯವರು. ಕೂಲಿ ಮಾಡುವ ಮನೆಯಿಂದ ಬಂದು ಕಂಪ್ಯೂಟರ್ ಸೈನ್ಸ್ ಎಂ.ಎಸ್ಸಿ. ಮಾಡಿದವರು. ಆ ಕಥೆಯನ್ನು ಯಾರಾದರೂ 'ಸಾಧನೆ' ಎಂದು ಶುರು ಮಾಡಿದರೆ ಮೂಗಿನ ಸುಕ್ಕು ಬರುತ್ತಿತ್ತು. ಅವರು ಹೇಳುತ್ತಿದ್ದ ಕಥೆಯೇ ಬೇರೆ. ಎಂ.ಎಸ್ಸಿ.ಯ ಮೊದಲ ವರ್ಷ ಒಂದು ಕಂಪ್ಯೂಟರಿಗೆ ನಾಲ್ಕು ಜನ. ಮೂವರು ಹುಡುಗರು, ಇವರೊಬ್ಬರು. ಇವರ ಅಕ್ಷರ ಚೆಂದವಿದ್ದದ್ದರಿಂದ ನಾಲ್ವರ ರೆಕಾರ್ಡನ್ನೂ ಇವರೇ ಬರೆದರು. ಇಡೀ ವರ್ಷ ಒಂದು ಕೀಲಿಯನ್ನೂ ಒತ್ತಲಿಲ್ಲ. ಕೊನೆಗೆ ಪ್ರಥಮ ದರ್ಜೆ ಬಂತು.

"ಒಂದು ವರ್ಷ ಕೀಬೋರ್ಡ್ ಮುಟ್ಟದೇ ಫಸ್ಟ್ ಕ್ಲಾಸ್ ಬಂತ್ರಿ," ಎನ್ನುತ್ತಿದ್ದರು. "ನನಗ ನನ್ನ ಮಾರ್ಕ್ಸ್ ಕಾರ್ಡ್ ನೋಡಿದ್ರ ಅಸಹ್ಯ ಆಗ್ತೈತಿ."

ಹಾಗಾಗಿ ನಮ್ಮ ಲ್ಯಾಬಿನಲ್ಲಿ ಅವರು ರೆಕಾರ್ಡ್ ಪುಸ್ತಕಕ್ಕೆ ಕವಡೆ ಕಿಮ್ಮತ್ತು ಕೊಡಲಿಲ್ಲ. ನಾನು ಲ್ಯಾಬ್ ಸಹಾಯಕನಾಗಿ ಕೆಲಸಕ್ಕೆ ಸೇರಿದ ಹೊಸತರಲ್ಲಿ ಅವರೊಂದು ವಾರ ಸುಮ್ಮನೆ ಲ್ಯಾಬಿನ ಹಿಂದೆ ನಿಂತು ನೋಡಿದರು. ಆಮೇಲೆ ನನ್ನನ್ನು ಕರೆದು ತೋರಿಸಿದರು: ಪ್ರತಿ ಕಂಪ್ಯೂಟರಿನ ಮುಂದೆ ಕುರ್ಚಿಯಲ್ಲಿ ಹುಡುಗ, ಪಕ್ಕದಲ್ಲಿ ಪುಸ್ತಕ ಹಿಡಿದು ನಿಂತ ಹುಡುಗಿ. ಓದಿ ಹೇಳುವುದು ಇವಳು, ಒತ್ತುವುದು ಅವನು, ಮನೆಗೆ ಹೋಗಿ ಇಬ್ಬರ ರೆಕಾರ್ಡ್ ಬರೆಯುವುದು ಮತ್ತೆ ಇವಳು. ನನಗದು ಅಲ್ಲಿಯವರೆಗೆ ಕಂಡೇ ಇರಲಿಲ್ಲ. ನಾನು ನೋಡುತ್ತಿದ್ದದ್ದು ಯುಪಿಎಸ್ ಪೆಟ್ಟಿಗೆಯ ದೀಪವನ್ನು.

ಮರುವಾರದಿಂದ ಎರಡು ಕಾನೂನು ಬಂದವು. ಯಾರು ಯಾವ ಕಂಪ್ಯೂಟರಿಗೆ ಎಂಬುದು ಆ ದಿನದ ಚೀಟಿಯಲ್ಲಿ ತೀರ್ಮಾನ. ಅಲ್ಲಿಯವರೆಗೆ ಮುಂದಿನ ಒಳ್ಳೆಯ ಕಂಪ್ಯೂಟರುಗಳು ಆಡಳಿತ ಮಂಡಳಿಯವರ ಮನೆಯ ಹುಡುಗರಿಗೆ ಮೀಸಲು. ಬ್ಯಾಟರಿ ರೂಮಿನ ಪಕ್ಕದ, ಆಸಿಡ್ ವಾಸನೆಯ ಏಳನೇ ನಂಬರಿನದು ತಾಂಡಾದಿಂದ, ಕೇರಿಯಿಂದ ಬಂದವರಿಗೆ. ಅಧ್ಯಕ್ಷರ ಮೊಮ್ಮಗನಿಗೆ ಏಳನೇ ನಂಬರಿನ ಚೀಟಿ ಬಂದ ದಿನ ನಾನು ನನ್ನ ರಾಜೀನಾಮೆಯನ್ನು ಮನಸ್ಸಿನಲ್ಲೇ ಎರಡು ಸಲ ಬರೆದೆ. ಎರಡನೆಯ ಕಾನೂನು: ಇಪ್ಪತ್ತು ನಿಮಿಷಕ್ಕೊಮ್ಮೆ ಕುರ್ಚಿ ಬದಲು. ಮೇಡಂ ಸೊಂಟದಲ್ಲಿದ್ದ ಕೀಲಿಕೈಯನ್ನು ತೆಗೆದು ಕಬ್ಬಿಣದ ಬೀರುವಿನ ಬಾಗಿಲಿಗೆ ಟಣ್ ಎಂದು ಬಡಿಯುವರು. ಕುಳಿತವನು ಏಳಬೇಕು, ನಿಂತವಳು ಕೂರಬೇಕು.

ಆ ಬೀರುವಿನಲ್ಲಿ ಇದ್ದದ್ದೇ ತಪ್ಪಿನ ಪುಸ್ತಕಗಳು.

ಪ್ರತಿ ವಿದ್ಯಾರ್ಥಿಗೂ ಒಂದು ನೋಟ್‌ಬುಕ್ಕು, ಪುಟಕ್ಕೆ ಮೂರು ಕಾಲಂ. ಮೊದಲನೆಯದರಲ್ಲಿ ನಾನು ಏನು ಒತ್ತಿದೆ. ಎರಡನೆಯದರಲ್ಲಿ ಕಂಪ್ಯೂಟರ್ ಏನೆಂದಿತು. ಮೂರನೆಯದರಲ್ಲಿ ನಾನು ಏನಂದುಕೊಂಡು ಹಾಗೆ ಮಾಡಿದೆ. ತಪ್ಪಾದ ಕೂಡಲೇ ಬರೆಯಬೇಕು, ಕೈಬರಹ ಹೇಗಾದರೂ ಇರಲಿ, ಕನ್ನಡದಲ್ಲೇ ಇರಲಿ. ಇಂಟರ್ನಲ್ ಮಾರ್ಕ್ಸ್ ಈ ಪುಸ್ತಕಕ್ಕೆ. ಯಾರ ಪುಸ್ತಕ ಖಾಲಿಯೋ ಅವರು ಕೀಬೋರ್ಡ್ ಮುಟ್ಟಿಲ್ಲ, ಅಷ್ಟೆ. ಬೇರೆ ಪುರಾವೆ ಬೇಕಾಗಿರಲಿಲ್ಲ.

ತಂಬ್ರಹಳ್ಳಿಯಿಂದ ಬರುತ್ತಿದ್ದ ಹಾಲಮ್ಮ ಎಂಬ ಹುಡುಗಿಯ ಪುಸ್ತಕ ನನಗೆ ಈಗಲೂ ನೆನಪಿದೆ. ಪಟ್ಟಿಯ ಎಣಿಕೆಯನ್ನು ಕಂಪ್ಯೂಟರ್ ಸೊನ್ನೆಯಿಂದ ಶುರು ಮಾಡುತ್ತದೆ, ಇವಳು ಒಂದರಿಂದ ಮಾಡಿದ್ದಳು. ಮೂರನೇ ಕಾಲಂನಲ್ಲಿ ಬರೆದಿದ್ದಳು: 'ಮೊದಲನೇ ಸಾಲು ಅಂದ್ರ ಒಂದು. ಸೊನ್ನೆ ಅಂದ್ರ ಇನ್ನೂ ಬಿತ್ತೇ ಇಲ್ಲ ಅಂದ್ಕೊಂಡೆ.' ಇನ್ನೊಂದು ಕಡೆ ಅವಳ ಪ್ರೋಗ್ರಾಂ ನಿಲ್ಲದೆ ಸುತ್ತುತ್ತಲೇ ಇತ್ತು. ಅದಕ್ಕೆ ಬರೆದದ್ದು: 'ನಿಲ್ಲು ಅಂತ ಹೇಳದಿದ್ರೂ ಸಾಕಾದಾಗ ತಾನ ನಿಲ್ತೈತಿ ಅಂದ್ಕೊಂಡೆ.' ಮೇಡಂ ಆ ಎರಡನ್ನೂ ಬೋರ್ಡಿನ ಮೇಲೆ ಬರೆದು, ಇದರಲ್ಲಿ ಹಾಲಮ್ಮನ ತಪ್ಪು ಏನೂ ಇಲ್ಲ, ಹೊಲದಲ್ಲಿ ಎಣಿಸಿ ಬೆಳೆದವರು ಈ ಕೋಣೆಗೆ ಬಂದಾರು ಎಂದು ಪಠ್ಯಪುಸ್ತಕ ಬರೆದವನಿಗೆ ಹೊಳೆದಿಲ್ಲ, ತಪ್ಪು ಅವನದು ಎಂದರು. ಹಾಲಮ್ಮ ಅವತ್ತು ಒಂದು ಗಂಟೆ ತಲೆ ಎತ್ತಲಿಲ್ಲ. ಆದರೆ ನಾಚಿಕೆಯಿಂದ ತಗ್ಗಿಸಿದ ತಲೆ ಅದಲ್ಲ ಎಂದು ನನಗೂ ಗೊತ್ತಾಯಿತು.

ಮೂರನೇ ಕಾಲಂನಲ್ಲಿ ಯಾರಾದರೂ 'ಗಾಬರಿ ಆತು' ಅಥವಾ 'ಹೆದರಿಕಿ ಆತು' ಎಂದು ಬರೆದರೆ ಪುಸ್ತಕ ವಾಪಸ್ ಬರುತ್ತಿತ್ತು. "ಏನನ್ನಿಸ್ತು ಅಂತ ಕೇಳಿಲ್ಲವ್ವ," ಎನ್ನುತ್ತಿದ್ದರು. "ಏನಂದ್ಕೊಂಡಿ ಅಂತ ಕೇಳೀನಿ."

ಹಾಲಮ್ಮನ ಅಪ್ಪ ಒಂದು ದಿನ ನೇರ ಲ್ಯಾಬಿಗೇ ಬಂದುಬಿಟ್ಟರು. ಚಪ್ಪಲಿ ಹೊರಗೆ ಬಿಟ್ಟು, ಹೆಗಲ ಮೇಲಿನ ಟವೆಲ್ಲನ್ನು ಕೈಗೆ ತೆಗೆದುಕೊಂಡು ಬಾಗಿಲಲ್ಲೇ ನಿಂತರು.

"ಅಲ್ರಿ ಮೇಡಮ್ಮಾರ, ನಮ್ಮ ಹುಡುಗಿ ಹದಿನೆಂಟು ತಪ್ಪು ಮಾಡ್ಯಾಳಂತ. ಅದಕ್ಕ ನೀವು ಹತ್ತಕ್ಕ ಒಂಬತ್ತು ಕೊಟ್ಟೀರಂತ. ಊರಾಗ ಹೇಳಿದ್ರ ನಗ್ತಾರ್ರಿ."

"ಒಂದು ಕಮ್ಮಿ ಆತು, ಹೌದ್ರಿ," ಎಂದರು ಮೇಡಂ. "ಇನ್ನೆರಡು ತಪ್ಪು ಮಾಡಿದ್ರ ಹತ್ತಕ್ಕ ಹತ್ತು ಬರ್ತಿತ್ತು. ಮನ್ಯಾಗ ಸ್ವಲ್ಪ ಧೈರ್ಯ ಹೇಳ್ರಿ."

ಹಾಲಮ್ಮನ ಅಪ್ಪ ಟವೆಲ್ಲನ್ನು ಮತ್ತೆ ಹೆಗಲಿಗೆ ಹಾಕಿಕೊಂಡು, "ಹಂಗಾದ್ರ ನನ್ನೂ ಸೇರಿಸ್ಕೋರಿ, ಫಸ್ಟ್ ಬಂದ್ಬಿಡ್ತೀನಿ," ಎಂದರು. ಮೇಡಂ ನಕ್ಕಿದ್ದನ್ನು ನಾನು ನೋಡಿದ ಕೆಲವೇ ಸಲಗಳಲ್ಲಿ ಅದೊಂದು.

ಒಮ್ಮೆ ಬೆಂಗಳೂರಿನಲ್ಲಿ ತಂತ್ರಜ್ಞಾನ ಮತ್ತು ವೈವಿಧ್ಯ ಎಂಬ ಸಮ್ಮೇಳನಕ್ಕೆ ಅವರನ್ನು ಮಾತಾಡಲು ಕರೆದಿದ್ದರು. ನಿಮ್ಮ ವಿಭಾಗದಲ್ಲಿ ಹುಡುಗಿಯರೆಷ್ಟು, ಗ್ರಾಮೀಣರೆಷ್ಟು ಎಂದು ವೇದಿಕೆಯ ಮೇಲೆ ಕೇಳಿದರಂತೆ. ಇವರು, ತಲೆ ಎಣಿಸಬೇಡಿ, ಕೈ ಎಣಿಸಿ, ಕೀಬೋರ್ಡಿನ ಮೇಲೆ ಯಾರ ಕೈ ಎಷ್ಟು ಹೊತ್ತು ಇತ್ತು ಅದನ್ನು ಎಣಿಸಿ ಎಂದರಂತೆ. ಜನ ಚಪ್ಪಾಳೆ ಹೊಡೆದರು. ಆಮೇಲೆ ಹೆಂಗಸರನ್ನೆಲ್ಲ ಮುಂದಿನ ಸಾಲಿಗೆ ಕರೆದು ಫೋಟೊ ತೆಗೆದರು. "ಮತ್ತ ತಲಿನ ಎಣಿಸಿದ್ರು ನೋಡ್ರಿ," ಎಂದು ಮೇಡಂ ವಾಪಸ್ ಬಂದು ಹೇಳಿದರು. ಅಲ್ಲಿ ಕೊಟ್ಟ ಸೆಣಬಿನ ಚೀಲದಲ್ಲಿ ಮಾತ್ರ ಕೊನೆಯವರೆಗೂ ತಪ್ಪಿನ ಪುಸ್ತಕಗಳನ್ನು ಮನೆಗೆ ಒಯ್ದು ಓದಿ ತರುತ್ತಿದ್ದರು.

ಪ್ರೊಫೆಸರ್ ಹುದ್ದೆಯ ಸಂದರ್ಶನದಲ್ಲಿ ಪ್ರಕಟಿತ ಪ್ರಬಂಧಗಳೆಷ್ಟು ಎಂದು ಕೇಳಿದಾಗ ಇವರು, ಬೀರು ತುಂಬ ಇದೆ, ಇನ್ನೂ ಬರೆದಿಲ್ಲ ಎಂದರಂತೆ. ಮೊದಲ ಸಲ ಕಂಪ್ಯೂಟರ್ ಮುಟ್ಟುವ ಹಳ್ಳಿಯ ಮಕ್ಕಳು ಏನಂದುಕೊಳ್ಳುತ್ತಾರೆ ಎಂಬುದರ ಬಗ್ಗೆ ಅವರೊಂದು ದೊಡ್ಡ ಪುಸ್ತಕ ಬರೆಯುವವರಿದ್ದರು. ಅವರ ಜೀವಮಾನದ ಕೆಲಸ ಎಂದರೆ ಅದೊಂದೇ. ಒಂಬತ್ತು ವರ್ಷದ ನೋಟ್‌ಬುಕ್ಕುಗಳಿಗೆ ಕ್ರಮಾಂಕ ಹಚ್ಚಿ ಇಟ್ಟಿದ್ದರು. ನಿವೃತ್ತಿಗೆ ಎರಡು ವರ್ಷ ಉಳಿದಿತ್ತು; ನಿವೃತ್ತಿಯಾದ ಮರುದಿನದಿಂದ ಬರೆಯುತ್ತೇನೆ ಎನ್ನುತ್ತಿದ್ದರು.

ಆ ವರ್ಷವೇ ಕಾಲೇಜಿಗೆ ಮಾನ್ಯತಾ ಸಮಿತಿ ಬರುವುದೆಂದಾಯಿತು. ಆಗ ಮೇಡಂ ಉತ್ತರಪತ್ರಿಕೆಗಳ ಮೌಲ್ಯಮಾಪನಕ್ಕೆ ಹತ್ತು ದಿನ ಹೊರಗೆ ಹೋಗಬೇಕಿತ್ತು. ಹೋಗುವಾಗ ಸೊಂಟದ ಕೀಲಿಕೈ ತೆಗೆದು ನನ್ನ ಕೈಗೆ ಕೊಟ್ಟರು. ಬಡಿಯುವುದನ್ನು ಮರೆಯಬೇಡಿ ಎಂದಷ್ಟೇ ಹೇಳಿದರು.

ನಾಲ್ಕನೆಯ ದಿನ ಪ್ರಿನ್ಸಿಪಾಲರು ಲ್ಯಾಬಿಗೆ ಬಂದು ಬೀರು ತೆಗೆಸಿದರು. ಒಂದು ಪುಸ್ತಕ ಎಳೆದು, ನಾಲ್ಕು ಪುಟ ತಿರುವಿ, ಮಗುವಿನ ಒದ್ದೆ ಚಡ್ಡಿ ಹಿಡಿದಂತೆ ಎರಡು ಬೆರಳಲ್ಲಿ ಹಿಡಿದು ನನ್ನ ಕಡೆ ಚಾಚಿದರು.

"ಒಂಬತ್ತು ವರ್ಷದ ತಪ್ಪು ಜೋಪಾನ ಮಾಡಿ ಇಟ್ಟೀರಲ್ರಿ. ಕಮಿಟಿಯವ್ರು ಬೀರು ತೆಗೆದ್ರ ಏನಂದಾರು? ಈ ಕಾಲೇಜಿನ್ಯಾಗ ಹುಡುಗಿಯರಿಗೆ ಬರೇ ತಪ್ಪ ಕಲಿಸ್ಯಾರ ಅಂದಾರು."

ಮೇಡಂ ಬರಲಿ ಎಂದು ನಾನು ಹೇಳಿದೆನೇ? ಹೇಳಿದೆ ಎಂದು ಬಹಳ ದಿನ ನಂಬಿಕೊಂಡಿದ್ದೆ. ಈಗ ನೆನೆಸಿಕೊಂಡರೆ, ಬಾಯಿ ತೆರೆದದ್ದು ಮಾತ್ರ ನಿಜ. ಮೂರು ವರ್ಷದ ಪುಸ್ತಕಗಳನ್ನು ತಪ್ಪಿಲ್ಲದೆ ಹೊಸದಾಗಿ ಬರೆಸಬೇಕು, ಉಳಿದದ್ದನ್ನು ತೆರವು ಮಾಡಬೇಕು ಎಂದರು ಪ್ರಿನ್ಸಿಪಾಲರು. ಅಕ್ಷರ ಚೆಂದವಿದ್ದ ಹನ್ನೆರಡು ಹುಡುಗಿಯರನ್ನು ಆರಿಸಿದೆ. ಮೂರು ದಿನ ಪಾಠವಿಲ್ಲ, ಲ್ಯಾಬಿಲ್ಲ. ತಮ್ಮದನ್ನೂ ಹುಡುಗರದನ್ನೂ ಬರೆದರು. ಹಾಲಮ್ಮ ಆಗ ಕೊನೆಯ ವರ್ಷದಲ್ಲಿದ್ದಳು, ಅವಳ ಅಕ್ಷರ ಎಲ್ಲರಿಗಿಂತ ಗುಂಡಗಿತ್ತು. "ಸರ, ಮೂರನೇ ಕಾಲಂಗೆ ಏನ್ ಬರೀಲಿ?" ಎಂದು ಕೇಳಿದಳು. ಆ ಕಾಲಂ ಬೇಡ, ಎರಡೇ ಸಾಕು ಎಂದೆ. ಅವಳು ನನ್ನ ಮುಖ ನೋಡಿ, ಸ್ಕೇಲು ತೆಗೆದುಕೊಂಡು ಗೆರೆ ಎಳೆದಳು.

ಹಳೆಯ ನೋಟ್‌ಬುಕ್ಕುಗಳನ್ನು ಚೀಲಕ್ಕೆ ತುಂಬುವಾಗ ಕೊಟ್ರೇಶಿ ಕೈ ತಡೆದ. "ಸರ, ಇವನ್ನ ನಿಮ್ಮ ಮನ್ಯಾಗ ಇಟ್ರ ಆಗ್ತೈತಲ್ರಿ. ಆಟೋದಾಗ ಹಾಕ್ಲೇನು?" ಎಂದ. ಮನೆಯಲ್ಲಿ ಗೆದ್ದಲು ಎಂದೆ. ನಮ್ಮ ಮನೆಯಲ್ಲಿ ಗೆದ್ದಲಿಲ್ಲ. ರದ್ದಿಯವನು ಚೀಲಗಳನ್ನು ಒಯ್ದ.

ಮರುದಿನ, ಈಗ ಫ್ಲೆಕ್ಸಿನಲ್ಲಿರುವ ಫೋಟೊ ತೆಗೆಸಿದೆ. ಸಮಿತಿ ಬಂತು, ಹೊಸ ಪುಸ್ತಕಗಳ ಮೇಲೆ ಕೈಯಾಡಿಸಿ ಬಹಳ ನೀಟಾಗಿವೆ ಎಂದಿತು, ಹೆಣ್ಣುಮಕ್ಕಳ ಸಹಭಾಗಿತ್ವಕ್ಕೆ ವಿಶೇಷ ಮೆಚ್ಚುಗೆ ಬರೆಯಿತು. ಗ್ರೇಡ್ ಏರಿತು. ಪ್ರಿನ್ಸಿಪಾಲರು ತಮ್ಮ ಕೈಯಾರೆ ನನ್ನ ಬಾಯಿಗೆ ಪೇಡೆ ತುರುಕಿದರು. ಅವರ ಬೆರಳಿನಲ್ಲಿ ತಂಬಾಕಿನ ವಾಸನೆ ಇತ್ತು. ನುಂಗಿದೆ.

ಮೇಡಂ ಬಂದ ದಿನ ನಾನು ಬೀರುವಿನ ಪಕ್ಕದಲ್ಲೇ ನಿಂತಿದ್ದೆ. ಕೀಲಿಕೈ ಇಸಿದುಕೊಂಡರು, ಬಾಗಿಲು ತೆಗೆದರು. ಖಾಲಿ ಖಾನೆಗಳನ್ನು ನೋಡಿದರು. ಮೇಲಿನ ಖಾನೆಯಲ್ಲಿದ್ದ ಹೊಸ ಪುಸ್ತಕ ಒಂದನ್ನು ತೆಗೆದು ಕೊನೆಯ ಪುಟದವರೆಗೂ ನೋಡಿದರು. ನಾನು ಆ ಸುಕ್ಕಿಗಾಗಿ ಕಾಯುತ್ತಿದ್ದೆ, ಆ ಒಂದು ಮಾತಿಗಾಗಿ. ಬಂದಿದ್ದರೆ ಅರ್ಧ ಹಗುರಾಗುತ್ತಿದ್ದೆ. ಬರಲಿಲ್ಲ.

"ಅಕ್ಷರ ಚೆಂದ ಅದಾವ್ರಿ," ಎಂದರು.

"ಪ್ರಿನ್ಸಿಪಾಲ್ರು ಹೇಳಿದ್ರು ಮೇಡಂ."

"ಅವ್ರು ಹೇಳಿದ್ರು. ನೀವೇನಂದ್ಕೊಂಡ್ರಿ?"

"ಹೆದರಿಕಿ ಆತು ಮೇಡಂ. ನಿಮಗ ಗೊತ್ತಲ್ರಿ, ನನ್ನ ಸ್ವಭಾವ."

"ಹೆದರಿಕಿ ಮೂರನೇ ಕಾಲಂ ಅಲ್ರಿ," ಎಂದು ಪುಸ್ತಕವನ್ನು ಎಲ್ಲಿತ್ತೋ ಅಲ್ಲೇ ಇಟ್ಟು ಬಾಗಿಲು ಹಾಕಿದರು.

ಆ ವಾರವೆಲ್ಲ ಅವರು ರಜೆ ಹಾಕಿ ರದ್ದಿ ಅಂಗಡಿಗಳನ್ನು ಸುತ್ತಿದರು ಎಂದು ಕೊಟ್ರೇಶಿ ಹೇಳಿದ. ಕೊಟ್ಟೂರಿಗೂ ಹೋಗಿ ಬಂದರಂತೆ. ಲೋಡು ಆಗಲೇ ಲಾರಿಯಲ್ಲಿ ಹೋಗಿತ್ತು. ಆಮೇಲೆ ಕೊನೆಯ ವರ್ಷದವರನ್ನು ಕೂರಿಸಿಕೊಂಡು, ನೆನಪಿದ್ದ ತಪ್ಪುಗಳನ್ನಾದರೂ ಬರೆದುಕೊಡಿ ಎಂದು ಕೇಳಿದರು. ಹುಡುಗರು ಹುಡುಗಿಯರು ಪೆನ್ನು ಹಿಡಿದು ಬಹಳ ಹೊತ್ತು ಕುಳಿತರು. ಕೊನೆಗೆ ಹಾಲಮ್ಮನೇ ಎದ್ದು ನಿಂತಳು.

"ತಪ್ಪು ನೆಪ್ಪಿಲ್ರಿ ಮೇಡಂ. ಈಗ ಬರ್ತೈತಿ."

ಕಲಿತ ಮೇಲೆ, ಕಲಿಯುವ ಮೊದಲು ಏನಂದುಕೊಂಡಿದ್ದೆ ಎಂಬುದು ಯಾರಿಗೂ ನೆನಪಿರುವುದಿಲ್ಲ. ಅದಕ್ಕೇ ಅವರು ಒಂಬತ್ತು ವರ್ಷವೂ ತಪ್ಪು ಆದ ಕೂಡಲೇ ಬರೆಸಿದ್ದು. ಮೇಡಂ ತಲೆಯಾಡಿಸಿ, "ಬರ್ತೈತಲ್ಲ, ಸಾಕು ಬಿಡವ್ವ," ಎಂದರು.

ಮುಂದಿನ ಎರಡು ವರ್ಷ ಅವರು ಪಾಠ ಮಾಡಿದರು, ಚೀಟಿ ಎತ್ತಿಸಿದರು, ಕುರ್ಚಿ ಬದಲಾಯಿಸಿದರು. ಬೀರುವಿಗೆ ಮಾತ್ರ ಬಡಿಯಲಿಲ್ಲ. ಕೈ ಚಪ್ಪಾಳೆ ತಟ್ಟುತ್ತಿದ್ದರು. 'ಅಸಹ್ಯ' ಎಂಬ ಮಾತನ್ನು ಅವರ ಬಾಯಿಂದ ನಾನು ಮತ್ತೆ ಕೇಳಲಿಲ್ಲ. ನಿವೃತ್ತಿಯ ದಿನ ಶಾಲು, ಹಾರ, ಹಣ್ಣಿನ ಬುಟ್ಟಿ ಎಲ್ಲವನ್ನೂ ವೇದಿಕೆಯ ಮೇಜಿನ ಮೇಲೇ ಬಿಟ್ಟು ಕೆಳಗಿಳಿದರು. ಗೇಟಿನ ಬಳಿ ಸೆಣಬಿನ ಚೀಲದಿಂದ ಒಂದು ಇನ್ನೂರು ಪುಟದ ನೋಟ್‌ಬುಕ್ಕು ತೆಗೆದು ನನಗೆ ಕೊಟ್ಟರು. ಲೇಬಲ್ಲಿನ ಮೇಲೆ ನನ್ನ ಹೆಸರು. ಮೊದಲ ಪುಟದಲ್ಲಿ ಅವರ ಕೈಯ ಸೊಟ್ಟ ಗೆರೆಗಳು, ಮೂರು ಕಾಲಂ.

ಅವರು ತೀರಿಹೋಗುವವರೆಗೆ ಮೂರು ವರ್ಷ ಅದು ನನ್ನ ಮೇಜಿನ ಡ್ರಾಯರಿನಲ್ಲಿತ್ತು. ಕಳೆದ ತಿಂಗಳು ಪ್ರಿನ್ಸಿಪಾಲರಿಗೆ ಆ ಚೆಂದದ ಎರಡು ಪುಟ ಕೊಟ್ಟು ಬಂದ ದಿನ ತೆಗೆದೆ. ಮೊದಲ ಕಾಲಂನಲ್ಲಿ 'ಪುಸ್ತಕಗಳನ್ನು ರದ್ದಿಗೆ ಕೊಟ್ಟೆ' ಎಂದು ಬರೆದೆ. ಎರಡನೆಯದರಲ್ಲಿ 'ಗ್ರೇಡ್ ಏರಿತು'. ಮೂರನೆಯದರಲ್ಲಿ ಅಭ್ಯಾಸಬಲದಿಂದ 'ಹೆದರಿಕೆ' ಎಂದು ಬರೆದು ಹೊಡೆದು ಹಾಕಿದೆ. ಅದು ವಾಪಸ್ ಬರುವ ಉತ್ತರ. ಅವತ್ತು ಕೊಟ್ರೇಶಿ ಚೀಲ ಹಿಡಿದು ನಿಂತಿದ್ದಾಗ ನಾನು ಹೆದರಿರಲಿಲ್ಲ. ನಾನು ಚೀಲದ ಬಾಯಿಗೆ ಎರಡು ಗಂಟು ಹಾಕಿ, ಜಗ್ಗಿ ನೋಡಿದ್ದೆ. ಅಂದುಕೊಂಡದ್ದು ಇದು, ಬರೆದೆ: 'ಮೇಡಂ ನಿವೃತ್ತಿಗೆ ಇನ್ನು ಎರಡೇ ವರ್ಷ. ಪ್ರಿನ್ಸಿಪಾಲರಿಗೆ ಇನ್ನೂ ಒಂಬತ್ತು ವರ್ಷ ಇದೆ.'

ಹೆದರಿಕೆ ನನ್ನ ಸ್ವಭಾವ ಎಂದು ಊರೆಲ್ಲ ನಗುತ್ತ ಬಂದದ್ದರ ಹಿಂದೆ ಕೂತು ನಾನು ಮಾಡುತ್ತಿದ್ದದ್ದು ಇಂಥ ಲೆಕ್ಕ.

ಕೆಳಗೆ ಗೆರೆ ಎಳೆದು ಎರಡನೆಯ ತಪ್ಪಿಗೆ ಕ್ರಮಾಂಕ ಹಾಕಿದ್ದೇನೆ. ಮೊದಲ ಕಾಲಂ: 'ಈ ಬರಹದಲ್ಲಿ ಊರಿನ ಹೆಸರು ಬಿಟ್ಟೆ.' ಎರಡನೆಯದು ಸದ್ಯಕ್ಕೆ ಖಾಲಿ. ಮೂರನೆಯದಕ್ಕೆ ಈ ಸಲ ವರ್ಷಗಟ್ಟಲೆ ಕಾಯಬೇಕಾಗಲಿಲ್ಲ. ಪ್ರಿನ್ಸಿಪಾಲರಿಗೆ ಇನ್ನೂ ನಾಲ್ಕು ವರ್ಷ ಇದೆ.